ಒಂದು ಗುಟುಕು ಸಾರು

ಫ್ಲಾಸ್ಕಿನ ಮುಚ್ಚಳ ತಿರುಗಿದ ಸದ್ದಿಗೇ ಕೊನಾಡುವಿನ ಎದೆ ಧಸಕ್ಕೆಂದಿತು. ತಮ್ಮೂರು ಕುಮಾಸಿಯಿಂದ ರಾಜಧಾನಿ ಅಕ್ರಾದವರೆಗೆ ಇಡೀ ದಿನ ಬಸ್ಸಿನಲ್ಲಿ ತಾಯಿ ಪೊಕುವಾ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ ಫ್ಲಾಸ್ಕು ಅದು. ಆಡಿನ ಮಾಂಸದ ಸಾರಿನ ಘಮ ಎದ್ದು ವಾರ್ಡಿನ ಫಿನೈಲ್ ವಾಸನೆಯನ್ನು ಒಂದೇ ಏಟಿಗೆ ಅಡಗಿಸಿತು.

"ಸ್ವಲ್ಪ ಎದ್ದು ಒರಗಿಕೋ. ಗರ್ಭಕೋಶದ ಗಡ್ಡೆ ತೆಗೆಸಿಕೊಂಡೋರಿಗೆ ರಕ್ತ ಊರ್ಬೇಕು," ಎಂದಳು ಪೊಕುವಾ.

ಗಡ್ಡೆ ಎಂದು ಸುಳ್ಳು ಹೇಳಿದವಳು ಕೊನಾಡುವೇ. ಬೆಳಿಗ್ಗೆ ಡಾಕ್ಟರು ಕತ್ತರಿಸಿ ತೆಗೆದದ್ದು ಅವಳ ಜಠರದ ಮುಕ್ಕಾಲು ಪಾಲನ್ನು. ಒಳಗೆ ಉಳಿದಿದ್ದುದು ಬಾಳೆಹಣ್ಣಿನಷ್ಟು ಚೀಲ, ಅದರ ಉದ್ದಕ್ಕೂ ಹೊಲಿಗೆ. ನೂರ ನಲವತ್ತೆರಡು ಕಿಲೋ ಮೈ, ಸಕ್ಕರೆ ಕಾಯಿಲೆ, ತನ್ನದೇ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಲು ಒಲ್ಲೆನ್ನುವ ಮಂಡಿ. ಇದನ್ನೆಲ್ಲ ಅಮ್ಮನಿಗೆ ಹೇಳುವುದಾದರೂ ಹೇಗೆ?

ಪೊಕುವಾಳ ಹಿರಿಮಗಳು ಅಬ್ರಾಫಿ ಇಪ್ಪತ್ತಾರರಲ್ಲೇ ಸೊರಗಿ ಸೊರಗಿ ಸತ್ತಿದ್ದಳು. ಆ ದಿನಗಳಲ್ಲಿ ತಾಯಿ ಪ್ರತಿ ಬೆಳಿಗ್ಗೆ ಅವಳ ಮಣಿಕಟ್ಟನ್ನು ಹೆಬ್ಬೆರಳು ತೋರುಬೆರಳುಗಳಲ್ಲಿ ಬಳಸಿ ನೋಡುತ್ತಿದ್ದಳು. ಬೆರಳುಗಳು ಮೊದಲು ಒಂದನ್ನೊಂದು ಮುಟ್ಟಿದವು. ಆಮೇಲೆ ಒಂದರ ಮೇಲೊಂದು ಏರಿದವು. ಅಬ್ರಾಫಿಯನ್ನು ಮಣ್ಣು ಮಾಡಿ ಬಂದವಳು ಕಿರಿಮಗಳಿಗೆ ತಿನ್ನಿಸಿದ್ದೇ ತಿನ್ನಿಸಿದ್ದು. ಸಂತೆಯಲ್ಲಿ ಕೊನಾಡುವಿನ ತೋಳು ಹಿಡಿದು, "ನೋಡ್ರೇ ನನ್ ಮಗಳನ್ನ!" ಎಂದು ಬೀಗುತ್ತಿದ್ದಳು. ಹೆಂಗಸರು ನೋಡುತ್ತಿದ್ದರು, ನೋಡದೆ ಇರಲು ಜಾಗವೂ ಇರುತ್ತಿರಲಿಲ್ಲ.

"ಆಮೇಲೆ ಕುಡೀತೀನಮ್ಮ. ವಾಕರಿಕೆ ಬರ್ತಿದೆ."

"ಹೊಟ್ಟೆ ಖಾಲಿ ಇದ್ರೆ ವಾಕರಿಕೆ ಬರದೆ ಇನ್ನೇನು? ನಿಮ್ಮಕ್ಕನೂ ಹಿಂಗೇ ಆಮೇಲೆ, ಆಮೇಲೆ ಅಂತಿದ್ಲು."

ಆ ಮಾತಿಗೆ ಕೊನಾಡು ಬಾಯಿ ತೆರೆದಳು. ಸಾರನ್ನು ಬಾಯಲ್ಲೇ ಇಟ್ಟುಕೊಂಡು, ಅಮ್ಮ ಅತ್ತ ತಿರುಗಿದಾಗ ಟವೆಲಿಗೆ ಉಗುಳಿದರಾಯಿತು ಅಂದುಕೊಂಡಿದ್ದಳು. ಅಮ್ಮ ತಿರುಗಲಿಲ್ಲ. ಚಮಚ ಹಿಡಿದು ಅವಳ ಗಂಟಲನ್ನೇ ನೋಡುತ್ತಾ ನಿಂತಳು. ಸಾರು ಗಂಟಲಿಳಿಯಿತು. ಅದರ ಜೊತೆ ಮಾಂಸದ ಒಂದು ಎಳೆಯೂ ಇಳಿಯಿತು.

ಔಷಧಿಯ ಪುಟ್ಟ ಲೋಟದಲ್ಲಿ ನೀರು ಮಾತ್ರ, ಅದೂ ತುಟಿ ಒದ್ದೆಯಾಗುವಷ್ಟು ಎಂದಿದ್ದಳು ನರ್ಸ್ ಜಿಫಾ. ಹೊಲಿಗೆ ಬಿಟ್ಟರೆ ಹೊಟ್ಟೆಯೆಲ್ಲ ವಿಷ, ನಾಡಿ ನೂರಿಪ್ಪತ್ತು ದಾಟಿದರೆ ಮತ್ತೆ ಆಪರೇಷನ್. ಕೊನಾಡುವಿನ ಪಕ್ಕೆಯಲ್ಲಿ ಏನೋ ಚುಚ್ಚಿತು. ಕರೆಗಂಟೆ ಒತ್ತಿದರೆ ಅಮ್ಮನಿಗೆ ತಿಳಿಯುತ್ತದೆ, ಒತ್ತದಿದ್ದರೆ ಸಾಯಬಹುದು. ನಾಚಿಕೆಯ ಮಾತು, ಆದರೂ ಅವಳು ಎರಡನ್ನೂ ಐದು ನಿಮಿಷ ತೂಗಿ ನೋಡಿದಳು. ಆಮೇಲೆ ಗಂಟೆ ಒತ್ತಿದಳು.

ಜಿಫಾ ಬಂದವಳೇ ಫ್ಲಾಸ್ಕನ್ನು ನೋಡಿದಳು. "ಇದನ್ನ ಯಾರು ಕೊಟ್ಟಿದ್ದು?"

"ನಾನೇ. ಗಡ್ಡೆ ತೆಗೆಸಿಕೊಂಡೋಳಿಗೆ ಸಾರು ಕೊಡದೆ ಮಣ್ಣು ಕೊಡ್ಲಾ?"

ಜಿಫಾ ಕೊನಾಡುವಿನ ಮುಖ ನೋಡಿದಳು.

"ಅಮ್ಮಾ, ಗಡ್ಡೆ ಇರ್ಲಿಲ್ಲ," ಎಂದಳು ಕೊನಾಡು. "ಹೊಟ್ಟೆ ಕೊಯ್ಸಿಕೊಂಡೆ. ತೆಳ್ಳಗಾಗೋದಕ್ಕೆ. ಹಿಂಗೇ ಇದ್ರೆ ಐವತ್ತು ಕಾಣಲ್ಲ ಅಂದ್ರು."

ಪೊಕುವಾ ಚಮಚವನ್ನು ಕೆಳಗಿಡಲಿಲ್ಲ. "ನಿಮ್ಮಕ್ಕ ಸೊರಗೋದು ಬೇಡಮ್ಮ ಬೇಡಮ್ಮ ಅಂತ ಅತ್ಕೊಂಡೇ ತೆಳ್ಳಗಾದ್ಲು. ನೀನು ದುಡ್ಡು ಕೊಟ್ಟು ಆಗ್ತೀಯಾ?"

ಪೊಕುವಾ ಕೈಯಲ್ಲಿದ್ದ ಚಮಚವನ್ನು ಈಗ ನೋಡಿದಳು. ಜಿಫಾಳತ್ತ ತಿರುಗಿದವಳ ದನಿ ಒಮ್ಮೆಲೇ ಕುಗ್ಗಿತು. "ತಾಯೀ, ನಾನು ಕೊಟ್ಟಿದ್ರಿಂದ ಏನಾದ್ರೂ ಆಗಿಬಿಡುತ್ತಾ?"

"ಒಂದೇ ಗುಟುಕು ತಾನೇ? ಏನೂ ಆಗದೇನೂ ಇರಬಹುದಮ್ಮ. ಬೆಳಗಿನ ತನಕ ನೋಡ್ಬೇಕು."

ಡಾಕ್ಟರು ಬಂದು ಹೊಟ್ಟೆ ಒತ್ತಿ ನೋಡಿದರು. ನೀರೂ ಬೇಡ, ಅರ್ಧ ಗಂಟೆಗೊಮ್ಮೆ ನಾಡಿ ನೋಡಿ ಎಂದು ಹೇಳಿ ಹೋದರು. ನಾಡಿ ನೂರಾ ಎಂಟು ಇತ್ತು. ಮುಂದಿನ ಸಲ ನೂರಾ ಹದಿನಾಲ್ಕು. ಅದರ ಮುಂದೆ ನೂರಾ ಹದಿನೇಳು. ಪೊಕುವಾ ಓದು ಬಾರದವಳು, ಆದರೆ ಜಿಫಾಳ ಹುಬ್ಬು ಏರುವುದನ್ನು ಓದುತ್ತಿದ್ದಳು.

"ಅಮ್ಮಾ, ಭಯ ಆಗ್ತಿದೆ."

"ಬಾಯ್ಮುಚ್ಚು. ನನಗೇನು ಹಬ್ಬಾನಾ?"

ಕೊನಾಡುವಿಗೆ ನಿಜಕ್ಕೂ ಭಯವಾಗಿತ್ತು. ಸಾಯುತ್ತೇನೆಂದಲ್ಲ, ಅಮ್ಮನ ಕೈಯ ಸಾರಿನಿಂದ ಸಾಯುತ್ತೇನೆಂದು. ಹಾಗಾದರೆ ಈ ಮುದುಕಿ ಫ್ಲಾಸ್ಕು ಹೊತ್ತು ಊರಿಗೆ ಮರಳುವುದಾದರೂ ಹೇಗೆ?

ನಾಲ್ಕನೆಯ ಸಲ ಜಿಫಾ ಗಡಿಯಾರ ನೋಡುತ್ತಾ ತುಂಬ ಹೊತ್ತು ಎಣಿಸಿದಳು. "ನೂರಾ ಹದಿನಾರು. ಏರಿಲ್ಲ," ಎಂದಷ್ಟೇ ಹೇಳಿ ಹೋದಳು.

ಪೊಕುವಾ ಕುರ್ಚಿಯನ್ನು ಮಂಚಕ್ಕೆ ತಾಗುವಂತೆ ಎಳೆದುಕೊಂಡಳು. ಮಗಳ ಬಲಗೈಯನ್ನು ಮಡಿಲಿಗೆ ತೆಗೆದುಕೊಂಡು ಹೆಬ್ಬೆರಳು ತೋರುಬೆರಳುಗಳಿಂದ ಮಣಿಕಟ್ಟನ್ನು ಬಳಸಿದಳು. ಬೆರಳ ತುದಿಗಳು ಸೇರಲಿಲ್ಲ. ನಡುವೆ ಮೂರು ಬೆರಳಗಲ ಮೈ ಹಾಗೇ ಉಳಿದಿತ್ತು. ಅವಳು ಒತ್ತಿ ನೋಡಲಿಲ್ಲ, ಹಾಗೇ ಹಿಡಿದು ಕೂತಳು.

ಅರ್ಧ ಗಂಟೆಯ ಮೇಲೆ ಜಿಫಾ ಮತ್ತೆ ಬಂದು ಆ ಕೈಗೆ ಕೈ ಚಾಚಿದಾಗ ಪೊಕುವಾ ಬಿಡಲಿಲ್ಲ. ಸೂಜಿ ಚುಚ್ಚಿದ್ದ ಎಡಗೈಯ ಕಡೆ ಗದ್ದದಿಂದ ತೋರಿಸಿದಳು.

"ನೀನು ಆ ಕೈ ನೋಡಮ್ಮ."