ಮ್ಯಾಚ್ ಆಗಲಿಲ್ಲವಂತೆ

ಬಂಡೆಗೆ ಬೆನ್ನು ಕೊಟ್ಟು ಕುಳಿತ ಈ ಹುಡುಗಿಗೆ ಇಪ್ಪತ್ತೂ ಆಗಿರಲಿಕ್ಕಿಲ್ಲ, ಮುಖವೆಲ್ಲ ಕೆಂಪು, ಬಾಯಿ ತೆರೆದು ಉಸಿರೆಳೆಯುತ್ತಿದ್ದಾಳೆ, ಆಂಟಿ ನಿಮಗೆ ಸುಸ್ತೇ ಆಗುದಿಲ್ವಾ ಎಂದು ಕೇಳುತ್ತಾಳೆ, ಇಲ್ಲ ಮಗಾ ಎಂದು ಅವಳನ್ನು ದಾಟಿ ಮುಂದಿನ ಮೆಟ್ಟಿಲಿಗೆ ಕಾಲಿಡುತ್ತೇನೆ, ನಿಜವಾಗಿಯೂ ಆಗುತ್ತಿಲ್ಲ, ನಲವತ್ತಾರು ವರ್ಷದ ಹೆಂಗಸು, ಮೈಮೇಲೆ ಬುರ್ಖಾ, ಕಾಲಲ್ಲಿ ಮಗಳು ಜಸೀಲಾಳ ಹಳೆಯ ಶೂ, ಆದರೂ ಗಡಾಯಿಕಲ್ಲು ಬೆಟ್ಟದ ಈ ಕಡಿದಾದ ಮೆಟ್ಟಿಲುಗಳು ನನ್ನನ್ನು ಏನೂ ಮಾಡುತ್ತಿಲ್ಲ, ಆಗಲಿ, ಸ್ವಲ್ಪವಾದರೂ ಆಗಲಿ, ಮೊಣಕಾಲು ನೋಯಲಿ, ಎದೆ ಬಡಿದುಕೊಳ್ಳಲಿ ಎಂದು ಬೇಡಿಕೊಂಡೇ ಹತ್ತುತ್ತಿದ್ದೇನೆ, ಈ ದೇಹ ಕೇಳುವುದಿಲ್ಲ, ಗಟ್ಟಿ ದೇಹ, ಎಲ್ಲ ರಿಪೋರ್ಟೂ ನಾರ್ಮಲ್ ಎಂದು ಆಸ್ಪತ್ರೆಯವರು ಬರೆದುಕೊಟ್ಟ ದೇಹ. ಕೆಳಗೆ, ಅರಣ್ಯ ಇಲಾಖೆಯ ಗೇಟಿನ ಪಕ್ಕ, ನನ್ನ ಗಂಡ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದಾರೆ, ನಿನ್ನೆ ಡಯಾಲಿಸಿಸ್ ಆಗಿದೆ, ಹಾಗಾಗಿ ಇವತ್ತು ಒಳ್ಳೆಯ ದಿನ, ಮನೆಯಿರುವ ಪಂಪ್‌ವೆಲ್‌ನಿಂದ ಇಲ್ಲಿಯವರೆಗೂ ಕಿಟಕಿ ಇಳಿಸಿಕೊಂಡೇ ಬಂದರು, ಕಾರು ಪಕ್ಕದ ಫ್ಲ್ಯಾಟಿನ ಡೆನಿಸನದು, ಮುನೀರಕ್ಕ ನೀವು ಹೋಗಿ ಬನ್ನಿ, ಅದ್ದು ಭಾಯಿ ಹತ್ತಿರ ನಾನುಂಟಲ್ಲ ಎಂದ ಅವನು, ಇವರು ನೀರಿನ ಬಾಟಲಿಯನ್ನು ನನ್ನ ಕೈಗೆ ತುರುಕಿದರು, ಇದು ನೀನೇ ತಗೊ, ನನಗೆ ಹೇಗೂ ಕುಡಿಲಿಕ್ಕಿಲ್ಲ — ಕುಡಿಯಲಿಕ್ಕಿಲ್ಲ, ಹತ್ತಲಿಕ್ಕಿಲ್ಲ, ಇವರು ಸಣ್ಣವರಿದ್ದಾಗ ಬೆಳ್ತಂಗಡಿಯ ಅತ್ತೆಯ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಈ ಕಲ್ಲನ್ನು ನೋಡುತ್ತಿದ್ದರಂತೆ, ಶಾರ್ಜಾದಿಂದ ರಜೆಗೆ ಬಂದಾಗಲೆಲ್ಲ ಅದೇ ಮಾತು, ಈ ಸಲ ಗಡಾಯಿಕಲ್ಲು ಹತ್ತುವ ಮಾರಾಯ್ತಿ, ನಾವಿಬ್ಬರೇ, ಎರಡು ವರ್ಷಕ್ಕೊಮ್ಮೆ ನಲವತ್ತು ದಿನ, ಅದರಲ್ಲಿ ಮದುವೆಗಳು, ಸಾವಿನ ಮನೆಯ ಮಯ್ಯತ್ತುಗಳು, ಆಧಾರ್ ಕಾರ್ಡು, ನೆಂಟರು, ಆಮೇಲೆ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸ್ ತಳ್ಳುತ್ತ ಮುಂದಿನ ಸಲ ಎನ್ನುತ್ತಿದ್ದರು. ಇಪ್ಪತ್ತೊಂದು ವರ್ಷ ಮುಂದಿನ ಸಲ. ಈಗ ನೀನಾದರೂ ನೋಡಿ ಬಾ, ಬಂದು ನನಗೆ ಹೇಳು.

ಮೆಟ್ಟಿಲುಗಳ ಅಂಚು ಸವೆದಿದೆ, ಒಂದು ಕಡೆ ಗೋಡೆಯಂತೆ ನಿಂತ ಬಂಡೆ, ಅಂಗೈ ಇಟ್ಟರೆ ತಣ್ಣಗೆ, ಆಸ್ಪತ್ರೆಯ ಆ ಕೋಣೆಯೂ ತಣ್ಣಗಿತ್ತು, ಎ.ಸಿ. ಹಾಕಿದ್ದರು, ಎಂಟು ತಿಂಗಳ ಹಿಂದೆ, ಕೌನ್ಸೆಲಿಂಗ್ ಎಂದು ನನ್ನೊಬ್ಬಳನ್ನೇ ಒಳಗೆ ಕರೆದಿದ್ದರು, ಮೆತ್ತಗಿನ ದನಿಯ ಮೇಡಂ, ರಿಪೋರ್ಟ್ ಎಲ್ಲ ಒಳ್ಳೇದುಂಟು ಮುನೀರಾ, ಮ್ಯಾಚ್ ಆಗಿದೆ, ನೀವು ಕಿಡ್ನಿ ಕೊಡಬಹುದು, ಆದರೆ ಮನಸ್ಸಿಲ್ಲದಿದ್ರೆ ಈಗಲೇ ಹೇಳಿ, ಮ್ಯಾಚ್ ಆಗಲಿಲ್ಲ ಅಂತ ನಾವೇ ಹೇಳ್ತೇವೆ, ಕಾರಣ ಯಾರಿಗೂ ಗೊತ್ತಾಗುದಿಲ್ಲ — ಎಲ್ಲರಿಗೂ ಹೀಗೇ ಹೇಳುತ್ತಾರಂತೆ, ಕೊಡುವವರ ಮೇಲೆ ಯಾರ ಒತ್ತಾಯವೂ ಇರಬಾರದು ಎಂದು, ಒಳ್ಳೆಯದಕ್ಕೇ ಹೇಳಿದ್ದು, ಹಿಂದೆ ಸರಿಯಲು ಆ ಬಾಗಿಲು ಇದೆಯೆಂದು ಗೊತ್ತಾಗುವವರೆಗೆ ನಾನು ಕೊಡುವವಳೇ ಆಗಿದ್ದೆ. ನನ್ನ ಅಣ್ಣ ಅಫ್ರೋಝ್ ಹೇಳಿದ್ದು ನೆನಪಾಯಿತು, ಇಬ್ಬರೂ ಮಲಗಿದ್ರೆ ಆ ಹುಡುಗಿಯನ್ನು ಯಾರು ನೋಡುದು, ವಾಮಂಜೂರಿನ ಕಾಲೇಜಿಗೆ ಈಗಷ್ಟೇ ಸೇರಿದ್ದಾಳೆ — ಇಲ್ಲ, ಅಫ್ರೋಝನ ಮೇಲೆ ಹಾಕಬೇಡ ಮುನೀರಾ, ಇಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ, ಇಲ್ಲಾದರೂ ನಿಜ ಹೇಳು, ಆವತ್ತು ನೀನು ಯೋಚಿಸಿದ್ದು ಜಸೀಲಾಳ ಬಗ್ಗೆ ಅಲ್ಲ, ಈ ಮನುಷ್ಯ ಯಾರು ಎಂದು ಯೋಚಿಸಿದ್ದೆ, ಎಲ್ಲ ನಲವತ್ತು ದಿನಗಳನ್ನು ಸೇರಿಸಿದರೂ ಒಂದೂವರೆ ವರ್ಷ ಆಗಲಿಕ್ಕಿಲ್ಲ, ಉಳಿದದ್ದೆಲ್ಲ ಫೋನಿನಲ್ಲಿ ಕೇಳುವ ದನಿ, ಊಟ ಆಯ್ತಾ, ಉಮ್ಮ ಹೇಗಿದ್ದಾರೆ, ಜಸೀಲಾಗೆ ಜ್ವರ ಬಿಟ್ಟಿತಾ, ಒಂದು ದನಿಗೆ ಹೊಟ್ಟೆ ಕೊಯ್ದು ಕೊಡುವುದೇ, ಅಷ್ಟೇ, ಅಷ್ಟೇ ಯೋಚಿಸಿದ್ದು, ಮನಸ್ಸಿಲ್ಲ ಮೇಡಂ ಎಂದೆ. ಹೊರಗೆ ಬೆಂಚಿನಲ್ಲಿ ಕುಳಿತಿದ್ದ ಇವರು ನನ್ನ ಮುಖ ನೋಡಿದರು, ಮ್ಯಾಚ್ ಆಗಲಿಲ್ಲವಂತೆ ಎಂದೆ, ಅಂತೆ, ಯಾರೋ ಹೇಳಿದ್ದನ್ನು ಕೇಳಿಸಿಕೊಂಡು ಬಂದವಳ ಹಾಗೆ, ಹೋಗ್ಲಿ ಬಿಡು, ಅದಕ್ಕೆ ಅಳುವುದೆಂತ, ಬಾ ಚಾ ಕುಡಿಯುವ ಎಂದು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಒಂದೇ ಒಂದು ಚಾ ಹೇಳಿದರು, ನನಗೆ ಮಾತ್ರ, ನಾನು ಕುಡಿಯುವುದನ್ನು ನೋಡುತ್ತ ಎದುರು ಕುಳಿತರು.

ಆಮೇಲೆ ಇವರು ಮನೆಯಲ್ಲೇ, ಶಾರ್ಜಾಕ್ಕೆ ಮತ್ತೆ ಹೋಗಲಿಲ್ಲ. ಉರ್ವ ಮಾರ್ಕೆಟಿನಿಂದ ಬಂಗುಡೆ ತಂದರೆ ನನ್ನ ಕೈಯಿಂದ ಕಸಿದುಕೊಂಡು ತಾವೇ ಶುಚಿ ಮಾಡುತ್ತಾರೆ, ಅಲ್ಲಿಯ ಎಂಟು ಜನರ ರೂಮಿನಲ್ಲಿ ಕಲಿತದ್ದು, ಬಟ್ಟೆಯನ್ನು ಸಣ್ಣಗೆ ಸುರುಳಿ ಸುತ್ತಿ ಇಡುತ್ತಾರೆ, ಅಲ್ಲಿ ಒಬ್ಬೊಬ್ಬರಿಗೆ ಅರ್ಧ ಕಪಾಟಂತೆ, ನಿದ್ದೆ ಬಾರದಿದ್ದರೆ ಫ್ಲೈಓವರಿನ ಮೇಲೆ ಹೋಗುವ ಬಸ್ಸು ಯಾವ ಊರಿನದೆಂದು ಸದ್ದಿನಲ್ಲೇ ಹೇಳಲು ನೋಡುತ್ತಾರೆ, ಎಲ್ಲವೂ ತಪ್ಪು, ನಗುತ್ತಾರೆ, ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆಂದು ಇಪ್ಪತ್ತೊಂದು ವರ್ಷ ನನಗೆ ಗೊತ್ತಿರಲಿಲ್ಲ, ಫೋನಿನಲ್ಲಿ ಅದು ಹೇಗೆ ಗೊತ್ತಾಗಬೇಕು. ಎಡಗೈಯಲ್ಲಿ ಡಯಾಲಿಸಿಸ್ಸಿಗೆ ಮಾಡಿಟ್ಟ ನರ, ಮುಟ್ಟಿದರೆ ಒಳಗೆ ಜೇನುನೊಣ ಸಿಕ್ಕಿಕೊಂಡ ಹಾಗೆ ಝುಂ ಎನ್ನುತ್ತದೆ, ಅದರ ಮೇಲೆ ಅಂಗೈ ಇಟ್ಟುಕೊಂಡೇ ನಿದ್ದೆ ಮಾಡುವ ಅಭ್ಯಾಸವಾಯಿತು ನನಗೆ, ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಗಂಡನ ಮೇಲೆ ಹೀಗೆ ಪ್ರೀತಿ ಹುಟ್ಟಿತೆಂದು ಯಾರ ಹತ್ತಿರ ಹೇಳುವುದು. ಮೂರು ವಾರದ ಹಿಂದೆ ಮಾರ್ಕೆಟಿಗೆ ಹೋಗಿ ಬರ್ತೇನೆ ಎಂದು ಹೇಳಿ ಆಸ್ಪತ್ರೆಗೆ ಹೋದೆ, ಅದೇ ಮೇಡಂ, ಅದೇ ತಣ್ಣಗಿನ ಕೋಣೆ, ನಾನು ಕೊಡ್ತೇನೆ ಮೇಡಂ, ಈಗ ಮನಸ್ಸುಂಟು, ಅವರು ಫೈಲ್ ತರಿಸಿ ಬಹಳ ಹೊತ್ತು ಪುಟ ಮಗುಚಿದರು, ಡಾಕ್ಟರಿಗೆ ಫೋನ್ ಮಾಡಿದರು, ಇಲ್ಲ ಮುನೀರಾ, ಅವರ ಹಾರ್ಟ್ ತುಂಬ ವೀಕ್ ಆಗಿದೆ, ಇನ್ನು ಆಪರೇಷನ್ ಮಾಡ್ಲಿಕ್ಕೆ ಆಗುದಿಲ್ಲ, ಆವಾಗಲೇ ಆಗಿದ್ದಿದ್ರೆ ಎಂದವರು ಅಲ್ಲಿಗೇ ನಿಲ್ಲಿಸಿ ನೀರು ಕೊಟ್ಟರು. ಬರಿಗೈಯಲ್ಲಿ ಮನೆಗೆ ಹೋಗಬಾರದೆಂದು ಬಂಗುಡೆ ತೆಗೆದುಕೊಂಡೆ. ಒಳ್ಳೇ ಮೀನು ಸಿಕ್ಕಿದೆ ಇವತ್ತು ಎಂದರು ಇವರು, ಶುಚಿ ಮಾಡಲು ಕುಳಿತು.

ಮೆಟ್ಟಿಲು ಮುಗಿದಿದೆ, ಒಮ್ಮೆಲೇ ಆಕಾಶ, ಗಾಳಿ ಬುರ್ಖಾವನ್ನು ಹಿಡಿದೆಳೆಯುತ್ತದೆ, ಕೇರಳದ ಕಡೆಯ ದೊಡ್ಡ ಕುಟುಂಬವೊಂದು ಬುತ್ತಿ ಬಿಚ್ಚಿ ಕುಳಿತಿದೆ, ಆರೇಳು ಹೆಂಗಸರು, ನನ್ನ ಹಾಗೆಯೇ ಕಪ್ಪು ಬುರ್ಖಾ, ಫೋನ್ ಬಡಿದುಕೊಳ್ಳುತ್ತದೆ, ಇವರದೇ, ಮೇಲೆ ಮುಟ್ಟಿದ್ಯಾ, ಎಂತ ಕಾಣ್ತದೆ ಹೇಳು, ಹೇಳುತ್ತೇನೆ, ಕುದುರೆಮುಖದ ಕಡೆಗೆ ಬೆಟ್ಟದ ಹಿಂದೆ ಬೆಟ್ಟ, ಹಿಂದಿನದು ಹೊಗೆಯ ಬಣ್ಣ, ಕೆಳಗೆ ತೋಟ, ಹಂಚಿನ ಮಾಡುಗಳು, ದಾರಿಯಲ್ಲಿ ಒಂದು ಬಸ್ಸು ಬೆಂಕಿಪೊಟ್ಟಣದಷ್ಟು ಉಂಟು, ಹೌದಾ, ನಾನು ಆ ಬಸ್ಸಿನಲ್ಲೇ ಇದ್ದದ್ದು ಎಂದು ನಗುತ್ತಾರೆ, ಈಗ ಬಾಯಿ ಮುಚ್ಚಿಕೊಂಡಿರುತ್ತಾರೆ, ಮತ್ತೆ ಎಷ್ಟು ಹೊತ್ತು ಹಿಡಿಯಿತು ಹತ್ತಲಿಕ್ಕೆ, ಒಂದೂವರೆ ಗಂಟೆ ಎಂದೆ, ಮಾಷಾ ಅಲ್ಲಾಹ್, ಡೆನಿಸ್ ಕೇಳಿದ್ಯಾ, ಒಂದೂವರೆ ಗಂಟೆಯಂತೆ, ಆಮೇಲೆ ದನಿ ತಗ್ಗಿಸಿ, ಡೆನಿಸನಿಗೂ ಕೇಳಿಸದ ಹಾಗೆ, ನೋಡು ಮುನೀರಾ, ಅದು ಮ್ಯಾಚ್ ಆಗದ್ದೇ ಒಳ್ಳೇದಾಯ್ತು, ಆಗಿದ್ರೆ ನೀನು ಕೊಡದೆ ಇರ್ತಿರಲಿಲ್ಲ, ನನಗೆ ಗೊತ್ತುಂಟು, ಆಮೇಲೆ ಹೀಗೆ ಹತ್ತಲಿಕ್ಕೆ ಆಗ್ತಿತ್ತಾ ನಿನಗೆ — ಗಾಳಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದೇನೆ, ಹೇಳು, ಈಗ ಹೇಳು, ನಾಲಿಗೆ ಮೇಲೇಳುತ್ತದೆ, ಹ್ಞೂಂ ಎಂದೆ. ಜಾಗ್ರತೆಯಲ್ಲಿ ಇಳಿ, ಅರ್ಜೆಂಟಿಲ್ಲ, ನಾನು ಇಲ್ಲೇ ಉಂಟಲ್ಲ.

ಗೇಟಿನ ಹತ್ತಿರ ಹೇಳುತ್ತೇನೆ, ಎದುರು ನಿಂತು ಹೇಳುತ್ತೇನೆ, ಫೋನಿನಲ್ಲಿ ಹೇಳುವ ಮಾತಲ್ಲ ಅದು, ಮ್ಯಾಚ್ ಆಗಿತ್ತು ಎಂದು ಎರಡೇ ಶಬ್ದ, ಒಂದೊಂದು ಮೆಟ್ಟಿಲಿಗೂ ಒಂದೊಂದು ಸಲ ಹೇಳಿಕೊಂಡು ಇಳಿಯುತ್ತಿದ್ದೇನೆ, ಮ್ಯಾಚ್ ಆಗಿತ್ತು, ಮ್ಯಾಚ್ ಆಗಿತ್ತು, ಕೇರಳದ ಹೆಂಗಸರು ನನ್ನನ್ನು ದಾಟಿ ಮುಂದೆ ಹೋದರು, ಕಾಡು ತೆಳುವಾಯಿತು, ಕೊನೆಯ ತಿರುವು, ಗೇಟು ಕಾಣುತ್ತದೆ, ಡೆನಿಸನ ಬಿಳಿ ಕಾರು ಕಾಣುತ್ತದೆ, ಕುರ್ಚಿ ಖಾಲಿ, ಇವರು ಎದ್ದು ನಿಂತಿದ್ದಾರೆ, ಒಂದು ಕೈ ಕಾರಿನ ಬಾನೆಟ್ಟಿನ ಮೇಲೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿರಬೇಕು, ಬುರ್ಖಾ ಹಾಕಿದ ಒಬ್ಬಳು ಗೇಟು ದಾಟುತ್ತಾಳೆ, ಇವರು ಕೈ ಎತ್ತುತ್ತಾರೆ, ನಾನೆಂದುಕೊಂಡು, ಅವಳು ನೋಡದೆ ಹೋಗುತ್ತಾಳೆ, ಕೈ ಮೆಲ್ಲನೆ ಇಳಿಯುತ್ತದೆ, ಎರಡನೆಯವಳು, ಮತ್ತೆ ಎತ್ತುತ್ತಾರೆ, ಆ ಎಡಗೈಯನ್ನೇ, ಮುಖದ ತುಂಬ ನಗು, ಅವಳೂ ಅಲ್ಲ, ಇಳಿಸುತ್ತಾರೆ, ನನ್ನ ಕಾಲು ಮೆಟ್ಟಿಲು ಬಿಟ್ಟು ಏಳುತ್ತಿಲ್ಲ, ಎರಡು ಶಬ್ದ, ಆ ಎರಡು ಶಬ್ದ ಯಾವುದಿತ್ತು, ಮೂರನೆಯವಳು, ಕೈ ಎತ್ತುತ್ತಾರೆ, ಅವಳೂ ನಾನಲ್ಲ, ಕೈ ಎತ್ತಿಕೊಂಡೇ ಇದ್ದಾರೆ