ಬಾಯಿಗೆ ಬಂದ ಹೆಸರು

ಶಿಡ್ಲಘಟ್ಟದ ಬಯ್ಯಪ್ಪನ ನೂಲು ಬಿಚ್ಚುವ ಕೊಟ್ಟಿಗೆಯಲ್ಲಿ ಪ್ರತಿ ಬಾಣಲೆಯ ಪಕ್ಕದಲ್ಲೂ ತಣ್ಣೀರಿನ ಕುಡಿಕೆ ಇರುತ್ತಿತ್ತು. ರೇಷ್ಮೆಗೂಡಿನ ಅಂಟು ಕುದಿನೀರಿಗೇ ಬಿಡಬೇಕು. ಬಿಟ್ಟ ಎಳೆಯನ್ನು ಬೆರಳಿನಿಂದಲೇ ಹುಡುಕಬೇಕು. ಆ ಬೆರಳನ್ನು ಆಗಾಗ ತಣ್ಣೀರಿಗೆ ಅದ್ದದಿದ್ದರೆ ಚರ್ಮ ಉಳಿಯುವುದಿಲ್ಲ.

ಆ ಬೆಳಿಗ್ಗೆ ಕರುಣಮ್ಮನ ಕುಡಿಕೆ ಇರಲಿಲ್ಲ.

"ನನ್ ಕುಡಿಕೆ ಎಲ್ಲಿ, ಶ್ಯಾಮಲಕ್ಕ?"

ಪಕ್ಕದ ಬಾಣಲೆಯ ಶ್ಯಾಮಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ನಿಮ್ ಯೇಸಪ್ಪನ್ನ ಕೇಳೇ, ಸ್ತೋತ್ರಮ್ಮ. ನೀರಿನ ಮೇಲೇ ನಡೆದೋನಂತಲ್ಲ!"

ಚಿಕ್ಕಬಳ್ಳಾಪುರದಲ್ಲಿ ದೀಕ್ಷಾಸ್ನಾನವಾಗಿ ಕ್ರೈಸ್ತಳಾಗುವ ಮುಂಚೆ ಕರುಣಮ್ಮನ ಹೆಸರು ಗಂಗುಲಮ್ಮ. ಆಗ ಅವಳಿಗೂ ಶ್ಯಾಮಲಮ್ಮನಿಗೂ ಒಂದೇ ಕುಡಿಕೆ. ಕೈಮುಗಿದು "ಸ್ತೋತ್ರ" ಅನ್ನುವುದನ್ನು ಕಲಿತು ಬಂದ ಮೇಲೆ ಅದೇ ಅಡ್ಡಹೆಸರಾಯಿತು, ಕುಡಿಕೆಯೂ ಬೇರೆಯಾಯಿತು.

ಬಯ್ಯಪ್ಪ ಕುಂಕುಮದ ಭರಣಿ ಹಿಡಿದು ಬಂದ. "ಇವತ್ತು ತಣ್ಣೀರಿಲ್ದೆ ಮಾಡಮ್ಮ. ಸುಟ್ಟಾಗ ಯಾವ ದೇವ್ರು ಬಾಯಿಗೆ ಬರ್ತದೋ ನೋಡಣ. ಗಂಗಮ್ಮ ಅಂದ್ಯೋ, ಕುಂಕುಮ ಇಟ್ಕೊಂಡು ಮತ್ತೆ ಗಂಗುಲಮ್ಮ ಆಗು. ಆಗಲ್ಲ ಅಂದ್ರೆ ಜಾಗ ಖಾಲಿ ಮಾಡು."

ಹಾಸಿಗೆ ಹಿಡಿದ ಗಂಡನ ಗಂಜಿಯೂ ಅದೇ ಬಾಣಲೆಯಿಂದ ಬರಬೇಕು. ಕರುಣಮ್ಮ ಬಾಣಲೆಯ ಮುಂದೆ ಕೂತಳು.

ಶಿಲುಬೆಯ ಮೇಲೆ ಸ್ವಾಮಿ ಮಾಡಿದ ಪ್ರಾರ್ಥನೆಯನ್ನು ಉಪದೇಶಿಗಳು ಕಲಿಸಿದ್ದರು: ತಿಳಿಯದೆ ಮಾಡುವವರನ್ನು ಕ್ಷಮಿಸು ಎಂದು. ಅದನ್ನೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾ ಬೆರಳು ಅದ್ದಿದಳು, ತೆಗೆದಳು, ಉಫ್ ಎಂದು ಊದಿದಳು. ಮಧ್ಯಾಹ್ನದ ಹೊತ್ತಿಗೆ ತುದಿಗಳು ಬೆಳ್ಳಗೆ ಬೆಂದು ನಿರಿಗೆಗಟ್ಟಿದವು. ಶ್ಯಾಮಲಮ್ಮ ಅದನ್ನು ಬಗ್ಗಿ ನೋಡಿದಳು. ಅವಳ ಬೆರಳಲ್ಲೂ ಹಳೆಯ ಸುಟ್ಟ ಕಲೆಗಳಿದ್ದವು. ಆಮೇಲೆ ಕರುಣಮ್ಮನ ಒಲೆಗೇ ಇನ್ನೊಂದು ಕೊರಡು ನೂಕಿದಳು.

ನೀರು ಉಕ್ಕಿ ಮಣಿಕಟ್ಟಿಗೆ ಬಿತ್ತು.

"ಅಯ್ಯೋ ಗಂಗಮ್ಮ ತಾಯೇ!"

ಕೊಟ್ಟಿಗೆಗೆ ಕೊಟ್ಟಿಗೆಯೇ ಬಿದ್ದು ಬಿದ್ದು ನಕ್ಕಿತು. ಚರಕ ತಿರುಗಿಸುವವರೂ ಕೈಬಿಟ್ಟು ನಕ್ಕರು.

"ಬಂತಲ್ಲೇ ನಿನ್ ದೇವ್ರು!" ಬಯ್ಯಪ್ಪ ಭರಣಿ ಚಾಚಿದ. "ಇಟ್ಕೊ, ಗಂಗುಲಮ್ಮ."

ಅವಳಿಗೆ ನಾಚಿಕೆಯಿಂದ ಕಿವಿ ಕಾದವು. ಎಡವಿದಾಗ, ಹೆರುವಾಗ, ಹೆಣದ ಮುಂದೆ ಅವಳ ಅವ್ವ ಕೂಗುತ್ತಿದ್ದ ಮಾತು ಅದು. ನಾಲಿಗೆಗೆ ದೀಕ್ಷಾಸ್ನಾನವಾಗಿರಲಿಲ್ಲ.

"ಅದು ನಮ್ಮವ್ವನ ಮಾತು, ಅಯ್ಯ. ನೋವಿಗೆ ಬಂತು. ನನ್ ಪ್ರಾರ್ಥನೆ ಬೇರೆ ಐತೆ."

"ಅದನ್ನೂ ಹೇಳಮ್ಮ, ಕೇಳಣ!"

ಕರುಣಮ್ಮ ಬೆಂದ ಕೈಗಳನ್ನು ಜೋಡಿಸಿದಳು. ಕಲಿತದ್ದನ್ನು ಹೇಳಲು ಬಾಯಿ ತೆರೆದಳು. ಶ್ಯಾಮಲಮ್ಮನ ಬೆರಳ ಕಲೆಗಳು ಕಣ್ಣಿಗೆ ಬಿದ್ದು ಮಾತು ನಿಂತಿತು. ದೇವರ ಮುಂದೆ ಸುಳ್ಳು ಹೇಳುವುದು ಹೇಗೆ?

"ತಂದೆಯೇ, ಇವ್ರಿಗೆ ಗೊತ್ತು. ಎಷ್ಟು ಉರೀತದೆ ಅಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಮಾಡಿದ್ರು. ಆದ್ರೂ ಕ್ಷಮಿಸು."

ನಗು ನಿಂತಿತು.

"ಶಾಪ ಹಾಕ್ತಾಳೆ ಕಣ್ರೀ!" ಎಂದು ಶ್ಯಾಮಲಮ್ಮ ಚೀರಿದಳು.

"ನನ್ನನ್ನ ಕ್ಷಮಿಸೋಕೆ ನೀನ್ಯಾವಳೇ?" ಬೆಳಗಿನಿಂದ ನಗುತ್ತಲೇ ಇದ್ದ ಬಯ್ಯಪ್ಪನ ಮುಖ ಈಗ ಕಪ್ಪಿಟ್ಟಿತು. ರಟ್ಟೆ ಹಿಡಿದು ಎಳೆದು ಅವಳನ್ನು ಬೀದಿಗೆ ನೂಕಿದ. ಹಿಂದೆಯೇ ಶ್ಯಾಮಲಮ್ಮ ತನ್ನ ಕುಡಿಕೆಯ ತಣ್ಣೀರನ್ನು ತಂದು, ಅವಳು ತುಳಿದಿದ್ದ ಹೊಸ್ತಿಲಿಗೆ ಸುರಿದು ತೊಳೆದಳು.

ನೀರು ಮಣ್ಣಿನಲ್ಲಿ ಇಂಗುವುದನ್ನು ಕರುಣಮ್ಮ ನೋಡಿದಳು. ಕೈ ಮತ್ತೆ ಸಿಡಿಯಿತು. ಅದೇ ಹಳೆಯ ಹೆಸರು ನಾಲಿಗೆಯ ತುದಿಗೆ ಬಂತು. ಹಲ್ಲು ಕಚ್ಚಿ ನುಂಗಿಕೊಂಡು, ಪ್ರಾರ್ಥನೆಯನ್ನು ಮೊದಲಿನಿಂದ ಶುರುಮಾಡಿದಳು.