ಹಳದಿ ಪೈಪು

ತಾಂಬಾದ ಬಸ್ ನಿಲ್ದಾಣದಿಂದ ಸಿಂದಗಿ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಇಜಾಜನ ಗ್ಯಾರೇಜು. ಅಲ್ಲಿ ಗಾಡಿಗಳಿಗೆ ಮರ್ಯಾದೆ ಇತ್ತು, ಗಾಡಿ ತಂದವರಿಗೆ ಇರಲಿಲ್ಲ. ಇಪ್ಪತ್ತೆರಡು ವರ್ಷ ಗಾಡಿಗಳ ಕೆಳಗೆ ಅಂಗಾತ ಮಲಗಿದವನಿಗೆ ಮೇಲೆ ನಿಂತವರ ಪಾದ ನೋಡಿದರೇ ಅವರ ಯೋಗ್ಯತೆ ತಿಳಿಯುತ್ತಿತ್ತಂತೆ. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ.

ಅಂದು ಅವನ ಕಣ್ಣಿಗೆ ಬಿದ್ದದ್ದು ರಾವಸಾಬನ ಬಿಳಿ ಬೂಟು. ಕಾಲುವೆಯಾಚೆ ದೊಡ್ಡ ನಿಂಬೆ ತೋಟದ ಧಣಿ ರಾವಸಾಬ. ಪುಣೆಯಿಂದ ಯಾರೋ ಬಳಸಿ ಬಿಟ್ಟ ಡೀಸೆಲ್ ಪಿಕಪ್ ತಂದಿದ್ದ. ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಗಾಡಿ. ಸುತ್ತ ಹತ್ತು ಹಳ್ಳಿಯಲ್ಲಿ ಇಂಥದ್ದಿಲ್ಲ ಎಂದು ಕೇಳದವರಿಗೂ ಹೇಳುತ್ತಿದ್ದ. ತಾನೇ ಓಡಿಸುವ ಧೈರ್ಯ ಮಾತ್ರ ಸಾಲದೆ ಪರಶು ಎಂಬವನನ್ನು ಡ್ರೈವರ್ ಆಗಿ ಇಟ್ಟುಕೊಂಡಿದ್ದ. ಈಗ ಆ ಗಾಡಿ ನಿಂತಲ್ಲೆಲ್ಲ ಕೆಂಪು ಎಣ್ಣೆ ಕಾರುತ್ತಿತ್ತು.

ಇಜಾಜ ಕೆಳಗೆ ನುಸುಳಿ ನೋಡಿ ಹೊರಬಂದ.

"ಗೇರ್‌ಬಾಕ್ಸಿನ ಎಣ್ಣಿ ಕಾಯ್ತೈತ್ರಿ. ಅದನ್ನ ಮುಂದಿನ ಕೂಲರಿಗೆ ಒಯ್ದು, ತಣ್ಣಗ ಮಾಡಿ ತರಾಕ ಎರಡು ಉಕ್ಕಿನ ಪೈಪ್ ಅದಾವ. ಒಂದು ಜಂಗ್ ಹಿಡದು ತೂತು ಬಿದ್ದೈತಿ. ಸೊಲ್ಲಾಪುರದಿಂದ ಪೈಪ್ ತರಬೇಕು. ಎರಡು ದಿನ ಗಾಡಿ ಬಿಡ್ರಿ."

"ಎರಡು ದಿನ? ಅಲ್ಲೀತನಕ ಕಾಯಿ ಗಿಡದಾಗಽ ಉಪ್ಪಿನಕಾಯಿ ಆಗಬೇಕೇನು?" ರಾವಸಾಬ ಗಾಡಿಯ ಹಿಂಭಾಗಕ್ಕೆ ಕೈ ಹಾಕಿ, ನಿಂಬೆ ಗಿಡಕ್ಕೆ ಔಷಧ ಹೊಡೆಯುವ ಹಳದಿ ಪೈಪಿನ ಸುರುಳಿ ಎಳೆದ. "ಇದನ್ನ ಒಂದು ಮೊಳ ಕೊಯ್ದು ಹಾಕು. ಪಂಪಿನ ಪ್ರೆಶರ್ ತಡೀತೈತಿ, ನಿನ್ನ ಎಣ್ಣಿ ತಡಿಯಂಗಿಲ್ಲೇನು?"

ಔಷಧ ತಣ್ಣಗಿರುತ್ತದೆ, ಈ ಎಣ್ಣೆ ಕುದಿಯುತ್ತದೆ. ಇಷ್ಟು ಹೇಳಲು ಇಜಾಜನಿಗೆ ಒಂದು ನಿಮಿಷ ಸಾಕಿತ್ತು. ಆದರೆ ಆ ಬಿಳಿ ಬೂಟು ನೆಲಕ್ಕೆ ಟಪಟಪ ಬಡಿಯುವುದು ನೋಡಿ ಅವನಿಗೆ ಒಳಗೊಳಗೇ ನಗು ಬಂತು. ಇಂಥವನಿಗೆ ಇಂಥದ್ದೇ ಸರಿ ಅಂದುಕೊಂಡ.

"ಆತ್ರಿ ಸಾವಕಾರ್ರ. ನಿಮ್ಮ ತೆಲಿಯಂಥ ತೆಲಿ ನಮಗೆಲ್ಲಿ ಬರಬೇಕು" ಎಂದು ಮೊಳದುದ್ದ ಪೈಪು ಕೊಯ್ದು, ತೂತಿನ ಜಾಗಕ್ಕೆ ಕೂರಿಸಿ, ತಂತಿ ಸುತ್ತಿ ಬಿಗಿದ. ಹೊಗಳಿಕೆ ಎಂದುಕೊಂಡು ರಾವಸಾಬ ಮೀಸೆ ನೀವಿದ. ಗಾಡಿಯ ಹಿಂದಿನ ಕಂಬಿಗೆ ಹದಿಮೂರು ರೊಟ್ಟಿ ಗಂಟು ತೂಗುತ್ತಿದ್ದವು. ಕೂರಲು ಹಾಸಿದ ಗೋಣಿಚೀಲಗಳಿದ್ದವು. ಹೆಂಗಸರು ಇಳಿದು ಬಸ್ ನಿಲ್ದಾಣದ ನೆರಳಿನಲ್ಲಿ ಕಾಯುತ್ತಿದ್ದರು. ಗಿಡದಿಂದ ಕಾಯಿ ಹರಿಯುವ ಈ ಹೆಂಗಸರನ್ನು ಇದರಲ್ಲೇ ತುಂಬಿ ಒಯ್ಯುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಇಜಾಜ ಗಂಟುಗಳನ್ನು ಕಂಡ. ಕಂಡೂ ತಂತಿಯ ತುದಿ ಮಡಚಿ ಎದ್ದ.

ಹತ್ತು ದಿನ ಆ ಪೈಪಿನ ಕಥೆ ಹೇಳಿ ಹೇಳಿ ಗ್ಯಾರೇಜಿಗೆ ಬಂದವರನ್ನೆಲ್ಲ ನಗಿಸಿದ. "ಅಂವನ ತೆಲಿಗೂ ಒಂದು ಕೂಲರ್ ಬೇಕು" ಎನ್ನುವುದು ಕಥೆಯ ಕೊನೆಯ ಮಾತು. ಪ್ರತಿ ಸಲವೂ ಅದಕ್ಕೆ ಮೊದಲು ನಗುತ್ತಿದ್ದವನು ಅವನೇ.

ಹನ್ನೊಂದನೆಯ ದಿನ ಗಾಡಿ ಕಾಲುವೆ ಸೇತುವೆಯ ಏರು ಹತ್ತುವಾಗ ಪೈಪು ಒಡೆಯಿತು. ಎಣ್ಣೆ ಬಿಸಿ ಸೈಲೆನ್ಸರಿನ ಮೇಲೆ ಸುರಿದು ಹೊಗೆ ಎದ್ದಿತು. ಎಣ್ಣೆಯಿಲ್ಲದ ಗೇರ್‌ಬಾಕ್ಸು ಗಾಡಿಯನ್ನು ಎಳೆಯದೆ ಕೈಬಿಟ್ಟಿತು, ಗಾಡಿ ಹಿಂದಕ್ಕೆ ಉರುಳತೊಡಗಿತು. ಬೆಂಕಿ ಎಂದು ಚೀರುತ್ತ ಹೆಂಗಸರು ಹಾರಿದರು. ಪರಶು ಬ್ರೇಕ್ ತುಳಿದು ಕಾಲುವೆಯ ಅಂಚಿನಲ್ಲಿ ಹೇಗೋ ನಿಲ್ಲಿಸಿದ. ಅಷ್ಟರಲ್ಲಿ ಹೆಂಗಸರ ಗುಂಪಿಗೆ ಹಿರಿಯಳಾದ ಚಂದವ್ವನ ಬಲಗೈ ಮುರಿದಿತ್ತು.

ಮರುದಿನ ಗಾಡಿಯನ್ನು ಹಗ್ಗ ಕಟ್ಟಿ ಎಳೆದು ತಂದ ರಾವಸಾಬ ಗ್ಯಾರೇಜಿನ ಮುಂದೆ ನಿಂತು ಕೂಗಾಡಿದ. "ಪೈಪ್ ಹಾಕಿದಾವ ನೀನು!"

"ಹಾಕು ಅಂದಾವ್ರು ನೀವು."

"ನಾ ಹೊಲದಾವ. ನನಗೇನು ತಿಳೀತೈತಿ? ನೀ ಮಿಸ್ತ್ರಿ ಅಲ್ಲೇನು?"

ಇಂಥವನ ಬಾಯಿಂದ ಸರಿಯಾದ ಮಾತೊಂದು ಬಂದದ್ದು ಇಜಾಜನಿಗೆ ಅಸಹ್ಯವಾಯಿತು. ಅಷ್ಟರಲ್ಲಿ ಪ್ಲಾಸ್ಟರ್ ಹಾಕಿದ ಕೈಯನ್ನು ಸೆರಗಿನಲ್ಲಿ ತೂಗಿಸಿಕೊಂಡು ಚಂದವ್ವ ಬಂದಳು.

"ಆಗೂದು ಆಗಿಹೋತಬೇ" ಎಂದ ರಾವಸಾಬ. "ಎಡಗೈಲೆ ಎಷ್ಟಾಗ್ತೈತೋ ಅಷ್ಟು ಕಾಯಿ ಹರದರಾತು."

ಚಂದವ್ವ ಅವನತ್ತ ನೋಡಲೇ ಇಲ್ಲ. "ಇಜಾಜ, ಅದು ಒಡೀತೈತಿ ಅಂತ ನಿನಗ ಗೊತ್ತಿತ್ತೋ ಇಲ್ಲೋ?"

ಇಜಾಜ ಎಣ್ಣೆ ಬಟ್ಟೆಯಿಂದ ಕೈ ಒರೆಸಿದ. ಕೈ ಸ್ವಚ್ಛವಾಗಿಯೇ ಇತ್ತು. "ಗೊತ್ತಿತ್ತು" ಎಂದ.

"ಅಂವಗ ನಾವು ಕಾಣಂಗಿಲ್ಲ, ಅದು ಮೊದಲಿಂದ ಗೊತ್ತೈತಿ. ನೀ ನೋಡಿದಿ. ನಮ್ಮ ಗಂಟು ನೋಡಿದಿ. ಅಂವನ ಮ್ಯಾಲಿನ ಸಿಟ್ಟಿಗೆ ನಮ್ಮನ್ನ ಕಾಲುವಿಗೆ ಕಳಿಸಿದಿ." ಅವಳು ಅವನ ಕಾಲ ಬಳಿ ಉಗುಳಿದಳು. "ಅಂವಾ ಮೂರ್ಖ. ನೀ ಶಾಣ್ಯಾ. ಶಾಣ್ಯಾನಽ ಹೊಲಸು."

ಅವಳು ಹೋದಳು. ಅಂದಿನಿಂದ ಒಬ್ಬ ಹೆಂಗಸೂ ತೋಟಕ್ಕೆ ಕಾಲಿಡಲಿಲ್ಲ. ಕಾಯಿ ಗಿಡದಲ್ಲೇ ಹಳದಿಯಾಗಿ ನೆಲಕ್ಕೆ ಉದುರತೊಡಗಿದವು.

ಇಜಾಜ ಸೊಲ್ಲಾಪುರಕ್ಕೆ ಹೋಗಿ ಉಕ್ಕಿನ ಪೈಪು ತಂದ. ಹಳೆಯದರ ಅಳತೆಗೇ ಬಗ್ಗಿಸಿ, ತುದಿಗಳನ್ನು ಅಗಲ ಮಾಡಿ, ಹೊಸ ನಟ್ಟು ಕೂರಿಸಿದ. ಎಲ್ಲೂ ಕಬ್ಬಿಣಕ್ಕೆ ಉಜ್ಜಿ ಸವೆಯದಂತೆ ಮೂರು ಕಡೆ ಕ್ಲಾಂಪ್ ಹಾಕಿದ. ತೂತು ಬೀಳದ ಇನ್ನೊಂದು ಪೈಪನ್ನೂ ಬದಲಿಸಿದ. ಹೊಸ ಎಣ್ಣೆ ತುಂಬಿ, ಒಂದು ತಾಸು ಎಂಜಿನ್ ಕಾಯಿಸಿ, ಪ್ರತಿ ಜೋಡಣೆಗೂ ಕಾಗದ ಒತ್ತಿ ನೋಡಿದ. ಕಾಗದ ಒಣಗಿಯೇ ಇತ್ತು. ಒಡೆದ ಹಳದಿ ಪೈಪನ್ನು ಗೋಡೆಯ ಮೊಳೆಗೆ ನೇತುಹಾಕಿದ. ಇದು ರಾವಸಾಬನದಲ್ಲವೇ ಎಂದು ಯಾರೋ ನಗಾಡಿದಾಗ "ಅಲ್ಲ, ನಂದು" ಎಂದ.

ಗಾಡಿ ಸಿದ್ಧವಾದ ಸುದ್ದಿ ಕೇಳಿ ಚಂದವ್ವ ಹೇಳಿಕಳಿಸಿದಳು, ಅದೇ ಏರಿಗೆ ತರಬೇಕು ಎಂದು. ಬೆಳಿಗ್ಗೆ ಹದಿಮೂರು ಹೆಂಗಸರು ಕಾಲುವೆಯ ದಂಡೆಯಲ್ಲಿ ರೊಟ್ಟಿ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಮೊದಲು ನೀವು ಹತ್ರಿ ಸಾವಕಾರ್ರ" ಎಂದಳು ಚಂದವ್ವ. "ಹಿಂದ. ನಾ ಕುಂಡ್ರು ಜಾಗಾದಾಗ."

"ನಾನು? ಕೂಲಿಯವರು ಕುಂಡ್ರು ಚೀಲದ ಮ್ಯಾಲ?"

"ಹಂಗಾರ ನಾವೂ ಹತ್ತಂಗಿಲ್ಲ." ಹೆಂಗಸರು ಗಂಟು ಬಿಚ್ಚಿ ರೊಟ್ಟಿ ಮುರಿಯತೊಡಗಿದರು. ರಾವಸಾಬ ತೋಟದ ಕಡೆ ಒಮ್ಮೆ, ಹೆಂಗಸರ ಕಡೆ ಒಮ್ಮೆ ನೋಡಿದ. ಯಾರೂ ಅವನನ್ನು ಗಮನಿಸಲಿಲ್ಲ. ಕೊನೆಗೆ ಬಿಳಿ ಬೂಟು ಗಾಲಿಯ ಮೇಲಿಟ್ಟು, ಏದುಸಿರು ಬಿಡುತ್ತ ಹತ್ತಿದ.

ಇಜಾಜನಿಗೆ ಹಳೆಯ ನಗು ತುಟಿಯವರೆಗೆ ಬಂತು.

"ನೀ ಏನು ನೋಡಾಕತ್ತಿ?" ಎಂದಳು ಚಂದವ್ವ. "ನೀನೂ ಹತ್ತು."

ಇಬ್ಬರೂ ಗೋಣಿಚೀಲಗಳ ಮೇಲೆ ಎದುರುಬದುರು ಕೂತರು. ಪರಶು ಗಾಡಿ ಎಬ್ಬಿಸಿದ. ಏರಿನ ಸರಿಯಾಗಿ ಅರ್ಧಕ್ಕೆ ಬಂದಾಗ ದಂಡೆಯ ಮೇಲೆ ನಿಂತಿದ್ದ ಚಂದವ್ವ ಪ್ಲಾಸ್ಟರಿನ ಕೈ ಮೇಲೆತ್ತಿದಳು. ಗಾಡಿ ನಿಂತಿತು. ಕೈ ಇಳಿಸಿದ ಮೇಲೇ ಮುಂದಕ್ಕೆ ಹೋಗಬೇಕೆಂದು ಪರಶುವಿಗೆ ಮೊದಲೇ ಹೇಳಿದ್ದಳು.

ಹಿಂದೆ ಇಳಿಜಾರು, ಅದರ ಕೊನೆಗೆ ಕಾಲುವೆಯ ನೀರು. ಈ ಜಾಗದಿಂದ ಅದು ಎಷ್ಟು ಹತ್ತಿರ ಕಾಣುತ್ತದೆಂದು ಇಜಾಜನಿಗೆ ತಿಳಿದಿರಲಿಲ್ಲ. ರಾವಸಾಬ ಎರಡೂ ಕೈಯಿಂದ ಕಂಬಿ ಹಿಡಿದಿದ್ದ, ಹಣೆಯ ಮೇಲೆ ಬೆವರು. ಎಂಥ ಪುಕ್ಕಲ ಎಂದು ಇಜಾಜ ಅಂದುಕೊಂಡ. ಆಮೇಲೆ ತನ್ನ ಕೈ ನೋಡಿಕೊಂಡ. ಅವೂ ಅದೇ ಕಂಬಿಯನ್ನು ಅಷ್ಟೇ ಬಿಗಿಯಾಗಿ ಹಿಡಿದಿದ್ದವು.

ಚಂದವ್ವ ಕೈ ಇಳಿಸಲು ಅವಸರ ಮಾಡಲಿಲ್ಲ.